ಹದಿನಾಲ್ಕು ಜನರ ಊರು, ನೂರಾರು ಜನರ ತವರು

ಅಮೆರಿಕದ ಕ್ಯಾನ್ಸಸ್ ರಾಜ್ಯದ ವಾಯವ್ಯ ಮೂಲೆಗೆ ಸಮೀಪದ ಗ್ರಹಾಂ ಕೌಂಟಿಯಲ್ಲಿ ನಿಕೋಡೆಮಸ್ ಎಂಬ ಹಳ್ಳಿಯೊಂದಿದೆ. 2020ರ ಜನಗಣತಿಯಲ್ಲಿ ಅಲ್ಲಿ ಸಿಕ್ಕಿದ್ದು ಹದಿನಾಲ್ಕು ಜನ. ಊರಿಗೆ ರೈಲು ಎಂದೂ ಬರಲಿಲ್ಲ. ಅಂಚೆ ಕಚೇರಿ 1953ರಲ್ಲಿ ಬಾಗಿಲು ಹಾಕಿತು. ಶಾಲೆಯ ಕಟ್ಟಡವಿದೆ, ಮಕ್ಕಳಿಲ್ಲ. ಒಂದು ಊರು ಜೀವಂತವಾಗಿದೆಯೆಂದು ಹೇಳಲು ಸರ್ಕಾರಗಳು ಬಳಸುವ ಯಾವ ಅಳತೆಗೋಲನ್ನು ಹಿಡಿದು ನೋಡಿದರೂ ನಿಕೋಡೆಮಸ್ ಬಹಳ ಹಿಂದೆಯೇ ಮುಗಿದುಹೋಗಬೇಕಿತ್ತು.

ಆದರೆ ಅದು ಮುಗಿದಿಲ್ಲ. ಅಮೆರಿಕದ ಅಂತರ್ಯುದ್ಧದ ನಂತರ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ವರ್ಣೀಯರು ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಬಂದು ಅನೇಕ ವಸತಿಗಳನ್ನು ಕಟ್ಟಿಕೊಂಡರು. ಪುನರ್ನಿರ್ಮಾಣದ ಕಾಲವೆಂದು ಚರಿತ್ರೆಕಾರರು ಕರೆಯುವ ಆ ಅವಧಿಯಲ್ಲಿ ಹುಟ್ಟಿದ ಅಂಥ ಊರುಗಳ ಪೈಕಿ ಇಂದಿಗೂ ಉಳಿದಿರುವುದು ಇದೊಂದೇ. ಉಳಿದವುಗಳ ಹೆಸರುಗಳು ಹಳೆಯ ನಕಾಶೆಗಳಲ್ಲಿ ಮಾತ್ರ ಇವೆ. ಎಲ್ಲವನ್ನೂ ಕಳೆದುಕೊಂಡ ಊರೊಂದು ಹೇಗೆ ಉಳಿಯುತ್ತದೆ? ಉಳಿಯಿತು ಎಂದರೆ ನಿಜವಾಗಿ ಏನು ಉಳಿದಂತಾಯಿತು? ಈ ಎರಡು ಪ್ರಶ್ನೆಗಳು ನನಗೆ ಆ ಹದಿನಾಲ್ಕು ಎಂಬ ಸಂಖ್ಯೆಗಿಂತ ದೊಡ್ಡವೆಂದು ತೋರುತ್ತವೆ.

ನೆಲದ ಹಸಿವು

ನಿಕೋಡೆಮಸ್‌ಗೆ ಬಂದವರಲ್ಲಿ ಹೆಚ್ಚಿನವರು ಕೆಂಟಕಿ ರಾಜ್ಯದವರು. ಕೆಂಟಕಿಯ ಚರಿತ್ರೆಯಲ್ಲಿ ಒಂದು ವಿಪರ್ಯಾಸವಿದೆ. ಅಂತರ್ಯುದ್ಧದಲ್ಲಿ ಅದು ಒಕ್ಕೂಟವನ್ನು ಬಿಟ್ಟುಹೋಗಲಿಲ್ಲ. ಅಧ್ಯಕ್ಷ ಲಿಂಕನ್ 1863ರ ಜನವರಿ 1ರಂದು ಹೊರಡಿಸಿದ ವಿಮೋಚನಾ ಘೋಷಣೆ ಬಂಡೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ, ನಿಷ್ಠವಾಗಿ ಉಳಿದ ಕೆಂಟಕಿಯ ಗುಲಾಮರು ಗುಲಾಮರಾಗಿಯೇ ಉಳಿದರು. ಸಂವಿಧಾನದ 13ನೇ ತಿದ್ದುಪಡಿ 1865ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಮೇಲೆಯೇ ಅವರಿಗೆ ಕಾನೂನಿನ ಬಿಡುಗಡೆ ಸಿಕ್ಕಿತು.

ಬಿಡುಗಡೆಯಾದವನ ಕೈಯಲ್ಲಿ ಏನಿತ್ತು? ನೆಲವಿರಲಿಲ್ಲ, ಎತ್ತಿರಲಿಲ್ಲ, ಬಿತ್ತನೆಗೆ ಬೀಜವಿರಲಿಲ್ಲ. ನಿನ್ನೆಯವರೆಗೆ ಒಡೆಯನಾಗಿದ್ದವನ ಹೊಲದಲ್ಲೇ ಪಾಲಿಗೆ ದುಡಿಯಬೇಕು. ಸುಗ್ಗಿಯ ಲೆಕ್ಕವನ್ನು ಒಡೆಯನೇ ಬರೆಯಬೇಕು. ಪ್ರತಿ ವರ್ಷವೂ ಬಾಕಿ ಇವನ ಹೆಸರಿನಲ್ಲೇ ನಿಲ್ಲಬೇಕು. ಜನರಲ್ ಶರ್ಮನ್ 1865ರ ಜನವರಿಯಲ್ಲಿ ಹೊರಡಿಸಿದ ಆದೇಶವೊಂದು ದಕ್ಷಿಣದ ಕರಾವಳಿಯ ಕೆಲವೆಡೆ ಬಿಡುಗಡೆ ಹೊಂದಿದ ಕುಟುಂಬಗಳಿಗೆ ತಲಾ ನಲವತ್ತು ಎಕರೆಯವರೆಗೆ ಭೂಮಿ ಕೊಡಲು ಅವಕಾಶ ಮಾಡಿತ್ತು. ಲಿಂಕನ್ನರ ಹತ್ಯೆಯ ನಂತರ ಅಧ್ಯಕ್ಷರಾದ ಆಂಡ್ರೂ ಜಾನ್ಸನ್ ಅದೇ ವರ್ಷ ಅದನ್ನು ಹಿಂದಕ್ಕೆ ಪಡೆದು ಭೂಮಿಯನ್ನು ಹಳೆಯ ಮಾಲೀಕರಿಗೆ ಮರಳಿಸಿದರು. 1877ರಲ್ಲಿ ದಕ್ಷಿಣದ ರಾಜ್ಯಗಳ ರಾಜಧಾನಿಗಳಲ್ಲಿ ಉಳಿದಿದ್ದ ಒಕ್ಕೂಟದ ಸೈನಿಕರೂ ಹಿಂದೆ ಸರಿದರು. ಕಪ್ಪು ಜನರ ಮತದಾನದ ಹಕ್ಕಿಗೂ ಪ್ರಾಣಕ್ಕೂ ಇದ್ದ ಅಲ್ಪಸ್ವಲ್ಪ ಕಾವಲು ಅಲ್ಲಿಗೆ ತಪ್ಪಿತು.

ನಿಕೋಡೆಮಸ್ ಹುಟ್ಟಿದ್ದು ಅದೇ 1877ರಲ್ಲಿ. ಸ್ವಂತ ನೆಲ ಸಿಗುವ ದಾರಿಯೊಂದು ಪಶ್ಚಿಮದಲ್ಲಿ ತೆರೆದಿತ್ತು. 1862ರ ಹೋಮ್‌ಸ್ಟೆಡ್ ಕಾಯಿದೆಯ ಪ್ರಕಾರ ಅಲ್ಪ ಶುಲ್ಕ ಕಟ್ಟಿ, ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವರಿಗೆ 160 ಎಕರೆ ಸರ್ಕಾರಿ ಭೂಮಿ ಸಿಗುತ್ತಿತ್ತು. 1861ರಲ್ಲಿ ಗುಲಾಮಗಿರಿಯಿಲ್ಲದ ರಾಜ್ಯವಾಗಿ ಒಕ್ಕೂಟ ಸೇರಿದ ಕ್ಯಾನ್ಸಸ್, ಜಾನ್ ಬ್ರೌನ್ ಹೋರಾಡಿದ ಮಣ್ಣು ಎಂಬ ಕೀರ್ತಿಯನ್ನೂ ಪಡೆದಿತ್ತು. ಆ ಹೆಸರಿಗೆ ಕಪ್ಪು ಜನರ ಮನಸ್ಸಿನಲ್ಲಿ ವಿಶೇಷ ಬೆಲೆಯಿತ್ತು.

ಊರು ಕಟ್ಟಲು ಹೊರಟ ಕಂಪನಿ 1877ರ ಏಪ್ರಿಲ್‌ನಲ್ಲಿ ಸ್ಥಾಪನೆಯಾಯಿತು. ಅದರಲ್ಲಿ ಡಬ್ಲ್ಯು. ಆರ್. ಹಿಲ್ ಎಂಬ ಬಿಳಿಯ ಭೂವ್ಯವಹಾರಿಯೊಬ್ಬ, ಜೊತೆಗೆ ಡಬ್ಲ್ಯು. ಎಚ್. ಸ್ಮಿತ್, ಪಾದ್ರಿ ಸೈಮನ್ ರೌಂಡ್‌ಟ್ರೀ ಮೊದಲಾದ ಆರು ಮಂದಿ ಕಪ್ಪು ವರ್ಣೀಯರು ಇದ್ದರು. ಕರಪತ್ರಗಳು ಅಚ್ಚಾದವು. ಕೆಂಟಕಿಯ ಚರ್ಚುಗಳಲ್ಲಿ ಸಭೆಗಳು ನಡೆದವು. ಫಲವತ್ತಾದ ಮಣ್ಣು, ನೀರು, ಬೇಟೆಯ ಪ್ರಾಣಿಗಳು ಎಲ್ಲವೂ ಅಲ್ಲಿ ಕಾದಿವೆ ಎಂಬ ಮಾತು ಹರಡಿತು. ಊರಿನ ಹೆಸರು ಬೈಬಲಿನ ನಿಕೋಡೆಮಸ್‌ನದೆಂದು ಕೆಲವರು ಹೇಳುತ್ತಾರೆ. ಹೆನ್ರಿ ಕ್ಲೇ ವರ್ಕ್ 1864ರಲ್ಲಿ ರಚಿಸಿದ ಜನಪ್ರಿಯ ಹಾಡೊಂದರ ಗುಲಾಮ ಮುದುಕನದೆಂದು ಹಲವರ ನಂಬಿಕೆ. ಬಿಡುಗಡೆಯ ದಿನಕ್ಕಾಗಿ ಕಾಯುತ್ತ ಕಣ್ಣು ಮುಚ್ಚಿದವನು ಆ ಮುದುಕ. ಎರಡನೆಯ ಮಾತೇ ಊರಿನ ಸ್ವಭಾವಕ್ಕೆ ಹೆಚ್ಚು ಒಪ್ಪುತ್ತದೆ.

ನೆಲದೊಳಗಿನ ಮನೆಗಳು

1877ರ ಬೇಸಿಗೆಯಲ್ಲಿ ಮೊದಲ ಸಣ್ಣ ಗುಂಪು ಬಂತು. ಸೆಪ್ಟೆಂಬರಿನಲ್ಲಿ ಬಂದ ದೊಡ್ಡ ಗುಂಪಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರಿದ್ದರು. ರೈಲು ಎಲಿಸ್ ಎಂಬ ಪಟ್ಟಣದವರೆಗೆ ಮಾತ್ರ. ಅಲ್ಲಿಂದ ಮೂವತ್ತು ಮೈಲಿಗೂ ಹೆಚ್ಚು ದೂರವನ್ನು ದಾರಿಯೇ ಇಲ್ಲದ ಹುಲ್ಲುಬಯಲಿನಲ್ಲಿ ನಡೆದು ಕ್ರಮಿಸಬೇಕಿತ್ತು.

ಮರುವರ್ಷದ ವಸಂತದಲ್ಲಿ ಬಂದ ಇನ್ನೊಂದು ಗುಂಪಿನಲ್ಲಿ ಪಾದ್ರಿ ಡೇನಿಯಲ್ ಹಿಕ್‌ಮನ್ ಮತ್ತು ಅವರ ಪತ್ನಿ ವಿಲಿಯಾನಾ ಹಿಕ್‌ಮನ್ ಇದ್ದರು. ಆ ಪ್ರಯಾಣವನ್ನು ವಿಲಿಯಾನಾ ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಊರು ಬಂತು ಎಂದು ಗಂಡಸರು ಕೂಗಿದರಂತೆ. ಇವರು ಸುತ್ತ ಕಣ್ಣಾಡಿಸಿದರೆ ಎಲ್ಲೂ ಮನೆಗಳಿಲ್ಲ; ನೆಲದಿಂದ ಹೊಗೆ ಮಾತ್ರ ಏಳುತ್ತಿದೆ. ಜನ ಬದುಕುತ್ತಿದ್ದುದು ದಿಣ್ಣೆಗಳ ಮಗ್ಗುಲಲ್ಲಿ ತೋಡಿಕೊಂಡ ಗುಂಡಿಮನೆಗಳಲ್ಲಿ. ಅದನ್ನು ಕಂಡು ಆಕೆ ಅತ್ತುಬಿಟ್ಟರು. ಕೆಂಟಕಿ ಮರಗಳ ನಾಡು, ಹೊಳೆಗಳ ನಾಡು. ಇಲ್ಲಿಯೋ ಮನೆಗೆ ತೊಲೆಯಿಲ್ಲ, ಒಲೆಗೆ ಸೌದೆಯಿಲ್ಲ. ಬೈಸನ್‌ಗಳ ಒಣಗಿದ ಸಗಣಿಯೇ ಬೆರಣಿ. ಬೇರು ಸಮೇತ ಕತ್ತರಿಸಿದ ಹುಲ್ಲಿನ ಹೆಂಟೆಗಳೇ ಇಟ್ಟಿಗೆ.

ಅನೇಕರು ಅಲ್ಲಿಂದಲೇ ಹಿಂದಿರುಗಿದರು. ಅವರನ್ನು ಹೇಡಿಗಳೆನ್ನುವುದು ಸಲ್ಲದು. ಕರಪತ್ರ ಹೇಳಿದ್ದಕ್ಕೂ ಕಣ್ಣು ಕಂಡದ್ದಕ್ಕೂ ಇದ್ದ ಅಂತರ ಅಷ್ಟು ದೊಡ್ಡದು. ಉಳಿದವರು ಮೊದಲ ಚಳಿಗಾಲವನ್ನು ಹೇಗೋ ದಾಟಿದರು. ಬೇಟೆ ಮುಗಿಸಿ ಮರಳುತ್ತಿದ್ದ ಓಸೇಜ್ ಬುಡಕಟ್ಟಿನವರು ತಮ್ಮ ಮಾಂಸದಲ್ಲಿ ಪಾಲು ಕೊಟ್ಟಿದ್ದರಿಂದ ಜೀವ ಉಳಿಯಿತೆಂದು ಊರಿನ ಹಿರಿಯರು ಪೀಳಿಗೆಯಿಂದ ಪೀಳಿಗೆಗೆ ಹೇಳಿಕೊಂಡು ಬಂದಿದ್ದಾರೆ.

ಈ ಮಾತಿನ ಹಿಂದೆ ಇನ್ನೊಂದು ಕಥೆಯಿದೆ. ಲಾರಾ ಇಂಗಲ್ಸ್ ವೈಲ್ಡರ್ ಅವರ ಮಕ್ಕಳ ಪುಸ್ತಕಗಳು ಕನ್ನಡಕ್ಕೂ ಬಂದಿವೆ. ಕ್ಯಾನ್ಸಸ್‌ನ ಹುಲ್ಲುಬಯಲಿನಲ್ಲಿ ಪುಟ್ಟ ಮನೆ ಕಟ್ಟಿದ ಬಿಳಿಯ ಕುಟುಂಬದ ಚಿತ್ರ ನಮ್ಮಲ್ಲಿ ಅನೇಕರಿಗೆ ಬಾಲ್ಯದಿಂದಲೇ ಪರಿಚಿತ. ಆ ಕುಟುಂಬ ಮನೆ ಕಟ್ಟಿದ್ದು ಓಸೇಜ್ ಜನರ ಭೂಮಿಯಲ್ಲಿ. ಅದಾದ ಕೆಲವೇ ದಿನಗಳಲ್ಲಿ ಓಸೇಜ್ ಜನ ಕ್ಯಾನ್ಸಸ್ ಬಿಟ್ಟು ಇಂದಿನ ಓಕ್ಲಹೋಮಾಕ್ಕೆ ಹೋಗಬೇಕಾಯಿತು. ಕ್ಯಾನ್ಸಸ್ ಎಂಬ ಹೆಸರಿಗೆ ಕಾರಣರಾದ ಕಾನ್ಸಾ ಜನರನ್ನೂ 1873ರಲ್ಲಿ ಅತ್ತ ಕಳುಹಿಸಲಾಯಿತು. ಹೋಮ್‌ಸ್ಟೆಡ್ ಕಾಯಿದೆ ಹಂಚಿದ ನೆಲ ಖಾಲಿ ಇರಲಿಲ್ಲ, ಖಾಲಿ ಮಾಡಿಸಲಾಗಿತ್ತು. ನೆಲ ಕಳೆದುಕೊಂಡವರು ನೆಲ ಹುಡುಕಿ ಬಂದವರಿಗೆ ಊಟ ಕೊಟ್ಟರು ಎಂಬುದು ನಿಕೋಡೆಮಸ್‌ನ ಆರಂಭದ ನೆನಪು. ಅಂದಹಾಗೆ, ಲಾರಾ ಅವರ ಅದೇ ಪುಸ್ತಕದಲ್ಲಿ ಜ್ವರದಿಂದ ಮಲಗಿದ ಇಡೀ ಕುಟುಂಬಕ್ಕೆ ಮದ್ದು ಕೊಡುವ ಕಪ್ಪು ವೈದ್ಯರೊಬ್ಬರೂ ಬರುತ್ತಾರೆ. ಜಾರ್ಜ್ ಟ್ಯಾನ್ ಎಂಬ ನಿಜವಾದ ವೈದ್ಯರೇ ಅದಕ್ಕೆ ಆಧಾರ. ಬಯಲನ್ನು ಹದಮಾಡಿದವರೆಲ್ಲ ಬಿಳಿಯರೇ ಎಂಬುದು ನಾವು ಪುಸ್ತಕಗಳನ್ನೂ ಸಿನಿಮಾಗಳನ್ನೂ ಅರೆಗಣ್ಣಿನಲ್ಲಿ ನೋಡಿ ಮಾಡಿಕೊಂಡ ತೀರ್ಮಾನ.

ಗುದ್ದಲಿಯಿಂದ ಪತ್ರಿಕೆಯವರೆಗೆ

ಮೊದಲ ವರ್ಷಗಳಲ್ಲಿ ಕುದುರೆ, ನೇಗಿಲು ಇದ್ದ ಮನೆಗಳು ಬಹಳ ಕಡಿಮೆ. ಸಾವಿರಾರು ವರ್ಷಗಳಿಂದ ಹುಲ್ಲಿನ ಬೇರು ಹೆಣೆದುಕೊಂಡು ಗಟ್ಟಿಯಾದ ನೆಲವನ್ನು ಜನ ಗುದ್ದಲಿ, ಸನಿಕೆಗಳಿಂದ ಅಗೆದರು. ಗಂಡಸರು ಕೂಲಿ ಹುಡುಕಿ ದೂರದ ರೈಲು ಕಾಮಗಾರಿಗಳಿಗೆ, ಪೂರ್ವದ ಜಮೀನುಗಳಿಗೆ ಹೋದಾಗ ಹೆಂಗಸರು, ಮಕ್ಕಳು ನೆಲ ಬಿಡದೆ ನಿಂತರು. ಕಾಯಿದೆಯ ಕರಾರು ನೆಲೆಸಿರಬೇಕು ಎಂಬುದು. ಬಿಟ್ಟುಹೋದರೆ ಹಕ್ಕು ಹೋಗುತ್ತದೆ.

ಹತ್ತು ವರ್ಷಗಳೊಳಗೆ ಅಲ್ಲಿ ಊರೊಂದು ಎದ್ದು ನಿಂತಿತು. ಸುಣ್ಣಕಲ್ಲಿನ ಕಟ್ಟಡಗಳು ಬಂದವು. ಝಡ್. ಟಿ. ಫ್ಲೆಚರ್ ಅಂಗಡಿಯನ್ನೂ ಸೇಂಟ್ ಫ್ರಾನ್ಸಿಸ್ ಎಂಬ ಹೋಟೆಲನ್ನೂ ನಡೆಸಿದರು. ಅವರ ಪತ್ನಿ ಜೆನ್ನಿ ಸ್ಮಿತ್ ಫ್ಲೆಚರ್ ಊರಿನ ಮಕ್ಕಳಿಗೆ ಅಕ್ಷರ ಕಲಿಸಿದರು. ಕಪ್ಪು ಮೆಥಡಿಸ್ಟರ ಚರ್ಚು, ಬ್ಯಾಪ್ಟಿಸ್ಟರ ಚರ್ಚು, ವಾದ್ಯಗೋಷ್ಠಿ, ಬೇಸ್‌ಬಾಲ್ ತಂಡ ಎಲ್ಲವೂ ಇದ್ದವು. 1886ರಲ್ಲಿ ‘ವೆಸ್ಟರ್ನ್ ಸೈಕ್ಲೋನ್’, 1887ರಲ್ಲಿ ‘ನಿಕೋಡೆಮಸ್ ಎಂಟರ್‌ಪ್ರೈಸ್’ ಎಂಬ ಪತ್ರಿಕೆಗಳು ಹೊರಟವು. ಎರಡು ದಶಕಗಳ ಹಿಂದೆ ಯಾರ ಓದು ಬರಹಕ್ಕೆ ದಕ್ಷಿಣದಲ್ಲಿ ಚಾಟಿಯೇಟಿನ ಉತ್ತರ ಸಿಗುತ್ತಿತ್ತೋ ಅಂಥ ಜನರ ಊರಿಗೆ ಎರಡು ಪತ್ರಿಕೆಗಳು ಬೇಕಾದವು ಎಂಬುದೇ ಆ ದಿನಗಳ ಉತ್ಸಾಹವನ್ನು ಹೇಳುತ್ತದೆ.

ಇಲ್ಲಿ ನೆಲೆಸಿದ್ದ ಎಡ್ವಿನ್ ಪಿ. ಮೆಕೇಬ್ ಎಂಬ ತರುಣರು 1882ರಲ್ಲಿ ಇಡೀ ಕ್ಯಾನ್ಸಸ್ ರಾಜ್ಯದ ಲೆಕ್ಕಪರಿಶೋಧಕರ ಸ್ಥಾನಕ್ಕೆ ಚುನಾಯಿತರಾದರು. ರಾಜ್ಯಮಟ್ಟದ ಚುನಾಯಿತ ಹುದ್ದೆಗೇರಿದ ಮೊದಲ ಕಪ್ಪು ಕ್ಯಾನ್ಸಸ್ ಪ್ರಜೆ ಅವರು. ಎರಡು ವರ್ಷಗಳ ನಂತರ ಮತ್ತೆ ಗೆದ್ದರು. ಮುಂದೆ ಅವರು ಓಕ್ಲಹೋಮಾಕ್ಕೆ ಹೋಗಿ ಲ್ಯಾಂಗ್‌ಸ್ಟನ್ ಪಟ್ಟಣದ ಸ್ಥಾಪಕರಲ್ಲಿ ಒಬ್ಬರಾದರು. ಹುಲ್ಲುಬಯಲಿನ ಗುಂಡಿಮನೆಗಳ ಊರೊಂದು ಐದೇ ವರ್ಷಗಳಲ್ಲಿ ರಾಜಧಾನಿಗೆ ಒಬ್ಬರನ್ನು ಕಳುಹಿಸಿತೆಂಬುದು ಸಣ್ಣ ಸಂಗತಿಯಲ್ಲ.

ನದಿಯ ಆಚೆಗೆ ಹೋದ ರೈಲು

ಬಯಲುಸೀಮೆಯ ಊರುಗಳ ಹಣೆಬರಹವನ್ನು ಆ ಕಾಲದಲ್ಲಿ ಬರೆಯುತ್ತಿದ್ದುದು ರೈಲು. ಗೋಧಿ ಬೆಳೆಯುವುದು ಒಂದು ಕೆಲಸ. ಅದನ್ನು ಪೇಟೆಗೆ ಮುಟ್ಟಿಸುವುದು ಇನ್ನೊಂದು. ದೂರದ ನಿಲ್ದಾಣಕ್ಕೆ ಬಂಡಿಯಲ್ಲಿ ಗೋಧಿ ಒಯ್ಯುವ ರೈತನಿಗೆ ದಾರಿಯಲ್ಲೇ ದಿನಗಳು ಕಳೆಯುತ್ತವೆ, ಲಾಭ ಕರಗುತ್ತದೆ. ಹಾಗಾಗಿ ಪ್ರತಿಯೊಂದು ಊರೂ ರೈಲು ಕಂಪನಿಗಳ ಮುಂದೆ ಕೈಚಾಚಿ ನಿಲ್ಲುತ್ತಿತ್ತು. 1887ರಲ್ಲಿ ನಿಕೋಡೆಮಸ್‌ನವರು ಮಿಸೌರಿ ಪೆಸಿಫಿಕ್ ರೈಲು ಬರಲೆಂದು 16,000 ಡಾಲರುಗಳ ಸಾಲಪತ್ರಕ್ಕೆ ಮತ ಹಾಕಿ ಒಪ್ಪಿಗೆ ಕೊಟ್ಟರು. ಆ ರೈಲು ಬರಲಿಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಹಳಿ ಹಾಕಿತು. ಆದರೆ ಸಾಲೊಮನ್ ನದಿಯ ಆಚೆ ದಡದಲ್ಲಿ, ಕೆಲವೇ ಮೈಲಿಗಳಾಚೆ. ಅಲ್ಲಿ ಬೋಗ್ ಎಂಬ ಹೊಸ ಊರು ಹುಟ್ಟಿತು. ನಿಕೋಡೆಮಸ್‌ನ ವ್ಯಾಪಾರಿಗಳು ಅಂಗಡಿಗಳನ್ನು ಎತ್ತಿಕೊಂಡು ನದಿ ದಾಟಿದರು. ಪತ್ರಿಕೆಗಳು ನಿಂತವು.

ಇದನ್ನು ವರ್ಣದ್ವೇಷದ ಕಥೆಯೆಂದು ಸುಲಭವಾಗಿ ಹೇಳಿಬಿಡಬಹುದು. ನಾನು ಹಾಗೆ ಹೇಳಲಾರೆ. ರೈಲು ತಪ್ಪಿಹೋದ ಬಿಳಿಯರ ಊರುಗಳೂ ಆ ಬಯಲಿನಲ್ಲಿ ಅನೇಕ ಇದ್ದವು. ಅವುಗಳಲ್ಲಿ ಹೆಚ್ಚಿನವು ಅಳಿದವು. ರೈಲು ಬಂದ ಊರುಗಳೂ ಎಂದೆಂದಿಗೂ ಉಳಿಯಲಿಲ್ಲ. 1910ರಲ್ಲಿ ಎಂಟೂವರೆ ಸಾವಿರ ದಾಟಿದ್ದ ಗ್ರಹಾಂ ಕೌಂಟಿಯ ಜನಸಂಖ್ಯೆ 2020ರಲ್ಲಿ ಎರಡೂವರೆ ಸಾವಿರವನ್ನೂ ಮುಟ್ಟಲಿಲ್ಲ. ಹಿಡುವಳಿ ಹಿಗ್ಗಿತು, ಯಂತ್ರ ಬಂತು, ಮನುಷ್ಯರು ಬೇಡವಾದರು. ಇದು ಇಡೀ ಬಯಲಿನ ಕಥೆ.

ಅದಕ್ಕೂ ಮೂಲದಲ್ಲಿ ಒಂದು ತಪ್ಪು ಲೆಕ್ಕವಿತ್ತು. ಮಳೆ ಸಾಕಷ್ಟು ಬೀಳುವ ಪೂರ್ವದ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ಸರ್ಕಾರ 160 ಎಕರೆಯ ಅಳತೆ ಮಾಡಿತ್ತು. ನಿಕೋಡೆಮಸ್ ಇರುವುದು ನೂರನೇ ರೇಖಾಂಶದ ಅಂಚಿನಲ್ಲಿ, ಹಸಿರು ಮುಗಿದು ಒಣನಾಡು ಮೊದಲಾಗುವ ಸೆರಗಿನಲ್ಲಿ. ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರಲ್ಲೇ ಸರ್ಕಾರಕ್ಕೆ ವರದಿ ಕೊಟ್ಟು, ಒಣಪ್ರದೇಶದಲ್ಲಿ ಆ ಅಳತೆ ನಡೆಯದು, ಹುಲ್ಲುಗಾವಲಿನ ಹಿಡುವಳಿ 2,560 ಎಕರೆಯಾದರೂ ಇರಬೇಕು ಎಂದರು. ಅದನ್ನು ಕೇಳಿಸಿಕೊಂಡವರು ಕಡಿಮೆ. 1930ರ ದಶಕದಲ್ಲಿ ಮಳೆ ಕೈಕೊಟ್ಟಾಗ, ಹುಲ್ಲು ಕಳೆದುಕೊಂಡ ಮಣ್ಣು ಧೂಳಾಗಿ ಆಕಾಶಕ್ಕೇರಿತು. ಬಯಲು ಬಿಟ್ಟು ಹೋದವರ ಸಾಲಿನಲ್ಲಿ ನಿಕೋಡೆಮಸ್‌ನವರೂ ಇದ್ದರು. 1935ರ ಹೊತ್ತಿಗೆ ಊರಿನಲ್ಲಿ ಉಳಿದವರು 76 ಜನ.

ವ್ಯತ್ಯಾಸವಿರುವುದು ನಂತರದ ಹೆಜ್ಜೆಯಲ್ಲಿ. ಬೇರೆ ಊರುಗಳು ಖಾಲಿಯಾದಾಗ ಅವುಗಳ ಮಕ್ಕಳಿಗೆ ಅದು ಹಿರಿಯರು ಒಂದು ಕಾಲದಲ್ಲಿ ಇದ್ದ ಜಾಗವಷ್ಟೇ ಆಯಿತು. ನಿಕೋಡೆಮಸ್‌ನ ಮಕ್ಕಳಿಗೆ ಹಾಗಾಗಲಿಲ್ಲ. ಅಜ್ಜನ ಅಪ್ಪ ಇನ್ನೊಬ್ಬರ ಆಸ್ತಿಯಾಗಿದ್ದವನು, ಇಲ್ಲಿ ಬಂದು ತಾನೇ ಆಸ್ತಿವಂತನಾದ ಎಂಬ ಸಂಗತಿಗೆ ಆ 160 ಎಕರೆಯೇ ಸಾಕ್ಷಿ. ಸಾಕ್ಷಿಯನ್ನು ಸುಲಭಕ್ಕೆ ಯಾರೂ ಮಾರುವುದಿಲ್ಲ.

ಐದು ಕಟ್ಟಡ, ಒಂದು ಗಾಳಿ

ಕೆಲವು ವರ್ಷಗಳ ಹಿಂದೆ ಡೆನ್ವರ್ ಕಡೆಯಿಂದ ಪೂರ್ವಕ್ಕೆ ಹೋಗುವಾಗ ಹೆದ್ದಾರಿ ಬಿಟ್ಟು ಉತ್ತರಕ್ಕೆ ತಿರುಗಿ ನಾನು ಆ ಊರನ್ನು ನೋಡಿ ಬಂದೆ. ಜಿಲ್ಲಾ ಕೇಂದ್ರದ ಹೆಸರು ಹಿಲ್ ಸಿಟಿ. ಕರಪತ್ರ ಹಂಚಿದ ಆ ಹಿಲ್‌ನದೇ ಹೆಸರು. ಅಲ್ಲಿಂದ ಪೂರ್ವಕ್ಕೆ 24ನೇ ಸಂಖ್ಯೆಯ ರಸ್ತೆಯಲ್ಲಿ ಸ್ವಲ್ಪ ಹೊತ್ತು ಸಾಗಿದರೆ ನಿಕೋಡೆಮಸ್ ಸಿಗುತ್ತದೆ. ಎಚ್ಚರ ತಪ್ಪಿದರೆ ದಾಟಿಯೂ ಹೋಗುತ್ತದೆ. ಶರತ್ಕಾಲ. ಚಳಿಗಾಲದ ಗೋಧಿ ಮೊಳೆತು ಹೊಲಗಳಿಗೆ ಹಸಿರು ಎರಚಿದಂತಿತ್ತು. ಗಾಳಿ ಬಿಡುವಿಲ್ಲದೆ ಬೀಸುತ್ತಿತ್ತು. ಆ ಬಯಲಿನಲ್ಲಿ ಗಾಳಿಯನ್ನು ತಡೆಯುವಂಥದ್ದು ಏನೂ ಇಲ್ಲ. ಮಾತನ್ನು ತಡೆಯುವುದು ಮಾತ್ರ ಗಾಳಿಯೇ.

ಊರನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಲು ಅರ್ಧ ಗಂಟೆ ಸಾಕು. ರಾಷ್ಟ್ರೀಯ ಉದ್ಯಾನ ಇಲಾಖೆಯ ಸುಪರ್ದಿನ ಐತಿಹಾಸಿಕ ತಾಣದಲ್ಲಿ ಐದು ಕಟ್ಟಡಗಳು ಸೇರಿವೆ: 1885ರ ಮೆಥಡಿಸ್ಟ್ ಚರ್ಚು, 1907ರ ಬ್ಯಾಪ್ಟಿಸ್ಟ್ ಚರ್ಚು, ಸೇಂಟ್ ಫ್ರಾನ್ಸಿಸ್ ಹೋಟೆಲು, 1918ರ ಶಾಲೆ, ಮತ್ತು 1939ರಲ್ಲಿ ಅಧ್ಯಕ್ಷ ರೂಸ್ವೆಲ್ಟರ ಉದ್ಯೋಗ ಯೋಜನೆಯಡಿ ಸ್ಥಳೀಯ ಸುಣ್ಣಕಲ್ಲಿನಲ್ಲಿ ಕಟ್ಟಿದ ಟೌನ್‌ಶಿಪ್ ಹಾಲ್. ಈ ಕೊನೆಯದೇ ಪ್ರವಾಸಿಗಳನ್ನು ಬರಮಾಡಿಕೊಳ್ಳುವ ಕೊಠಡಿ. ಅರಮನೆ, ಕೋಟೆಗಳ ಸ್ಮಾರಕಗಳನ್ನು ಕಂಡು ಬಂದ ಕಣ್ಣಿಗೆ ಇವು ತೀರ ಸಾಧಾರಣ. ಈ ಸಾಧಾರಣತೆಯೇ ಅವುಗಳ ಅರ್ಥ. ಯಾವ ರಾಜನೂ ಇವನ್ನು ಕಟ್ಟಿಸಲಿಲ್ಲ. ಪ್ರಾರ್ಥನೆ, ಪಾಠ, ಪಂಚಾಯಿತಿಗೆ ಒಂದು ಸೂರು ಬೇಕೆಂದು ಜನ ತಾವೇ ಕಟ್ಟಿಕೊಂಡವು ಇವು.

ಈ ಮಾನ್ಯತೆ ತಾನಾಗಿ ಬಂದುದಲ್ಲ. 1976ರಲ್ಲಿ ಊರಿಗೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆಂಬ ಪಟ್ಟ ದೊರೆಯಿತು. ಅದು ಸಾಲದೆಂದು ಊರಿನ ವಂಶಸ್ಥರು ಸಂಘ ಕಟ್ಟಿಕೊಂಡು ವರ್ಷಗಟ್ಟಲೆ ಓಡಾಡಿದರು. 1996ರ ನವೆಂಬರಿನಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಅದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು.

ಸ್ಮಾರಕವೋ, ಸಾಗುವಳಿಯೋ?

ನನ್ನನ್ನು ಕಾಡುವ ಪ್ರಶ್ನೆ ಇಲ್ಲಿದೆ. ಒಂದು ಸರ್ಕಾರ ಒಂದು ಕೈಯಲ್ಲಿ ಊರಿನ ಕಲ್ಲುಗಳನ್ನು ಕಾಪಾಡಿ, ಇನ್ನೊಂದು ಕೈಯಲ್ಲಿ ಅದೇ ಊರಿನ ರೈತನಿಗೆ ಸಾಲ ನಿರಾಕರಿಸಿದರೆ ಆ ಊರು ಉಳಿದಂತೆಯೇ?

1920ರಲ್ಲಿ ಅಮೆರಿಕದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಕಪ್ಪು ರೈತರಿದ್ದರು. ಒಟ್ಟು ರೈತರಲ್ಲಿ ಶೇಕಡ 14ರಷ್ಟು. 2017ರ ಕೃಷಿ ಗಣತಿಯಲ್ಲಿ ಆ ಪ್ರಮಾಣ ಶೇಕಡ 1.3ರ ಆಸುಪಾಸು. ಯಂತ್ರೀಕರಣ ಎಲ್ಲ ಸಣ್ಣ ರೈತರನ್ನೂ ಹೊರದಬ್ಬಿತು ನಿಜ. ಆದರೆ ಇಷ್ಟೊಂದು ಕುಸಿತಕ್ಕೆ ಅದೊಂದೇ ಕಾರಣವಲ್ಲ. ಬಿತ್ತನೆಯ ಕಾಲಕ್ಕೆ ಸಾಲ ಸಿಗದಿದ್ದರೆ ಆ ವರ್ಷ ಹೋಯಿತು. ಎರಡು ವರ್ಷ ಹೋದರೆ ಅಡವಿಟ್ಟ ನೆಲ ಹರಾಜಿಗೆ ಬರುತ್ತದೆ. ಕೃಷಿ ಇಲಾಖೆ ಸಾಲ ನೀಡಿಕೆಯಲ್ಲಿ ವರ್ಣಭೇದ ಮಾಡಿತೆಂದು ಕಪ್ಪು ರೈತರು 1997ರಲ್ಲಿ ಹೂಡಿದ, ಪಿಗ್‌ಫರ್ಡ್ ಮೊಕದ್ದಮೆ ಎಂದು ಹೆಸರಾದ ದಾವೆ 1999ರಲ್ಲಿ ರಾಜಿಯಲ್ಲಿ ಮುಗಿದು, ಸರ್ಕಾರ ನೂರು ಕೋಟಿ ಡಾಲರುಗಳಷ್ಟು ಪರಿಹಾರ ಕೊಡಬೇಕಾಯಿತು. ನಿಕೋಡೆಮಸ್‌ನ ರೈತರಿಗೆ ಇದು ದೂರದ ಸುದ್ದಿಯಾಗಿರಲಿಲ್ಲ. ಈ ಹೋರಾಟದ ದನಿಗಳಲ್ಲಿ ಅವರದೂ ಸೇರಿತ್ತು. ಐತಿಹಾಸಿಕ ತಾಣವೆಂಬ ಗೌರವ ಬಂದದ್ದೂ, ಆ ದಾವೆ ಹೂಡಿದ್ದೂ ಒಂದು ವರ್ಷದ ಅಂತರದಲ್ಲಿ ಎಂಬುದನ್ನು ಗಮನಿಸಬೇಕು.

ಊರಿನವರು ಸುಮ್ಮನೆ ಕೂರಲಿಲ್ಲ. ತಮ್ಮದೇ ಗೋಧಿಯ ಹಿಟ್ಟನ್ನು ಊರಿನ ಹೆಸರಿನಲ್ಲಿ ಮಾರಲು ಸಹಕಾರಿ ಪ್ರಯತ್ನ ಮಾಡಿದರು. 2000ದ ದಶಕದಲ್ಲಿ ಕ್ಯಾನ್ಸಸ್‌ನ ಕಪ್ಪು ರೈತರ ಸಂಘದವರು ಇಥಿಯೋಪಿಯದ ಟೆಫ್ ಎಂಬ ಧಾನ್ಯವನ್ನು ಅಲ್ಲಿ ಬೆಳೆದು ನೋಡಿದರು. ಟೆಫ್ ನಮ್ಮ ರಾಗಿಗಿಂತಲೂ ಸಣ್ಣ ಕಾಳು. ಅದರ ಹಿಟ್ಟನ್ನು ಹುಳಿ ಬರಿಸಿ ಇಥಿಯೋಪಿಯದವರು ದೋಸೆಯಂಥ ಇಂಜೆರಾ ಮಾಡುತ್ತಾರೆ. ಒಣನೆಲಕ್ಕೆ ಒಗ್ಗುವ ಬೆಳೆಯನ್ನು ಆಫ್ರಿಕದಿಂದಲೇ ತರಿಸಿ ಬಿತ್ತಿದ್ದರಲ್ಲಿ ಜಾಣತನವೂ ಇತ್ತು, ಭಾವನೆಯೂ ಇತ್ತು. ಇಂಥ ಪ್ರಯತ್ನಗಳಿಂದ ಜನ ದಂಡುಗಟ್ಟಿ ವಾಪಸಾಗಲಿಲ್ಲ. ಆದರೂ ಊರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟ ವಸ್ತುವಾಗಲು ಬಿಡಬಾರದೆಂಬ ಹಟ ಅವುಗಳಲ್ಲಿ ಕಾಣುತ್ತದೆ. ಇದೇ ಊರಿನಲ್ಲಿ 1932ರಲ್ಲಿ ಹುಟ್ಟಿ, 1954ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಫುಟ್‌ಬಾಲ್ ತಂಡ ಸೇರಿ ದೇಶಕ್ಕೆ ಪರಿಚಿತರಾದ ವೆರಿಲ್ ಸ್ವಿಟ್ಜರ್ ಅವರು ಹೊರಗೆ ಹೆಸರು ಮಾಡಿದ ಮೇಲೂ ಹುಟ್ಟೂರಿನ ಹೊಲದ ನಂಟನ್ನು ಬಿಡಲಿಲ್ಲ. ಅವರು 2022ರಲ್ಲಿ ತೀರಿಕೊಂಡರು.

ಜುಲೈ ಕೊನೆಯ ಜಾತ್ರೆ

ಪ್ರತಿ ವರ್ಷ ಜುಲೈ ತಿಂಗಳ ಕೊನೆಯ ವಾರಾಂತ್ಯದಲ್ಲಿ ನಿಕೋಡೆಮಸ್‌ನ ಜನಸಂಖ್ಯೆ ಒಮ್ಮೆಲೇ ನೂರಾರು ಪಟ್ಟಲ್ಲದಿದ್ದರೂ ಹತ್ತಾರು ಪಟ್ಟು ಏರುತ್ತದೆ. ಡೆನ್ವರ್, ಟೊಪೀಕಾ, ಕ್ಯಾನ್ಸಸ್ ಸಿಟಿ, ಕ್ಯಾಲಿಫೋರ್ನಿಯಾಗಳಿಂದ ವಂಶಸ್ಥರು ಬಂದು ಸೇರುತ್ತಾರೆ. ಮೆರವಣಿಗೆ, ಊಟ, ಹಾಡು, ಭಾನುವಾರದ ಪ್ರಾರ್ಥನೆ. ಈಗ ಇದನ್ನು ಹೋಮ್‌ಕಮಿಂಗ್ ಎನ್ನುತ್ತಾರೆ. ಮೂಲದಲ್ಲಿ ಇದು ವಿಮೋಚನಾ ಉತ್ಸವ. 1878ರಿಂದ, ಅಂದರೆ ಗುಂಡಿಮನೆಗಳ ಕಾಲದಿಂದ, ನಡೆದುಬಂದಿದೆ.

ಉತ್ಸವದ ದಿನದ ಆಯ್ಕೆ ಕುತೂಹಲಕರ. ಲಿಂಕನ್ನರ ಘೋಷಣೆಯ ಜನವರಿ ಒಂದನ್ನು ಅವರು ಆರಿಸಲಿಲ್ಲ. 1834ರ ಆಗಸ್ಟ್ 1ರಂದು ಬ್ರಿಟಿಷರ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸುವ ಕಾಯಿದೆ ಜಾರಿಗೆ ಬಂತು. ಆ ದಿನವನ್ನು ಅಮೆರಿಕದ ಕಪ್ಪು ಜನ ತಮ್ಮ ಬಿಡುಗಡೆಗೆ ಮೊದಲಿನಿಂದಲೂ ಆಚರಿಸುತ್ತಿದ್ದರು. ತಾವು ಇನ್ನೂ ಸಂಕೋಲೆಯಲ್ಲಿದ್ದಾಗ ಬೇರೆಯವರ ಬಿಡುಗಡೆಗೆ ಸಂಭ್ರಮಿಸಿದ ಜನರ ಹಬ್ಬವನ್ನೇ ನಿಕೋಡೆಮಸ್ ಉಳಿಸಿಕೊಂಡಿದೆ.

ನಮ್ಮ ಭಾಷೆಯಲ್ಲಿ ಊರು, ತವರು ಎಂಬ ಎರಡು ಪದಗಳಿವೆ. ಊರು ಇರುವವರದು, ತವರು ಹೋದವರದು. ತವರಿನ ಮನೆಯಲ್ಲಿ ವರ್ಷವಿಡೀ ಇರುವವರು ಇಬ್ಬರೇ ಆಗಿರಬಹುದು. ಹಬ್ಬಕ್ಕೆ ಬಂದು ಸೇರುವವರನ್ನು ನೋಡಿದರೆ ಮಾತ್ರ ಆ ಮನೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಜನಗಣತಿ ಎಣಿಸುವುದು ಊರನ್ನು. ತವರನ್ನು ಎಣಿಸುವ ಕೋಷ್ಟಕ ಅದರ ಬಳಿ ಇಲ್ಲ. ನಿಕೋಡೆಮಸ್ ಊರಾಗಿ ಸೋತಿತು, ತವರಾಗಿ ಗೆದ್ದಿತು ಎಂದು ಹೇಳಿದರೆ ತಪ್ಪಾಗಲಾರದು.

ಆದರೆ ಆ ಮಾತಿನಲ್ಲಿ ತೃಪ್ತಿಪಟ್ಟು ನಿಲ್ಲುವುದೂ ಸರಿಯಲ್ಲ. ತವರು ಉಳಿಯಬೇಕಾದರೆ ಒಲೆ ಹಚ್ಚಲು ಅಲ್ಲಿ ಯಾರಾದರೂ ಇರಲೇಬೇಕು. ಹದಿನಾಲ್ಕು ಜನ ಎರಡೋ ಮೂರೋ ಆಗಿ, ಆಮೇಲೆ ಯಾರೂ ಇಲ್ಲವಾದರೆ, ಜುಲೈನಲ್ಲಿ ಬಂದವರು ನೋಡುವುದು ಇಲಾಖೆಯ ನಾಮಫಲಕವನ್ನು ಮಾತ್ರ. ನೆನಪನ್ನು ಗೌರವಿಸುವ ಸರ್ಕಾರಕ್ಕೆ ಅಲ್ಲಿ ಬಿತ್ತುವ ಕೈಗಳನ್ನು ಗೌರವಿಸುವ ಹೊಣೆಯೂ ಇದೆ. ಕಟ್ಟಡದ ಗಾರೆ ಬಿರುಕು ಬಿಟ್ಟರೆ ಅದಕ್ಕೆ ಅನುದಾನವಿರುತ್ತದೆ. ರೈತನ ಲೆಕ್ಕ ಬಿರುಕು ಬಿಟ್ಟರೆ ಅದನ್ನು ಸಕಾಲದಲ್ಲಿ, ಮುಖ ನೋಡದೆ, ಸರಿಪಡಿಸುವ ಸಾಲವೂ ಇರಬೇಕು. ಕೆಂಟಕಿಯಿಂದ ನಡೆದು ಬಂದವರು ಹುಡುಕಿದ್ದು ಸ್ಮಾರಕವನ್ನಲ್ಲ, ಹೊಲವನ್ನು. ಅವರ ಊರನ್ನು ಉಳಿಸುವುದೆಂದರೆ ಮೊದಲು ಆ ಹೊಲವನ್ನು ಅವರ ಮಕ್ಕಳ ಕೈಯಲ್ಲಿ ಉಳಿಸುವುದು.